ಮೀಸಿ ಇಲ್ಲದ ಕೂಸು

ಸೋಮವಾರ ಸಂಜಿಮುಂದ ಏಳೂವರಿಗೆ ಭೀಮಶಿ ಟಿವಿಯೊಳಗ ಸತ್ತ. ಮಂಗಳವಾರ ಮುಂಜಾನಿ ಘಟಪ್ರಭಾ ಸ್ಟೇಷನ್ನಾಗ ಇಳದು, ಒಂದು ಪ್ಲೇಟ್ ಇಡ್ಲಿ ತಿಂದು, ಕುಲಗೋಡ ಬಸ್ ಹತ್ತಿದ.

ನಾಲ್ಕು ವರ್ಷ ಧಾರಾವಾಹಿಯೊಳಗ ಇನ್ಸ್‌ಪೆಕ್ಟರ್ ಆಗಿದ್ದಂವ. ಮೀಸಿ ನೋಡೇ ಕೆಲಸಾ ಕೊಟ್ಟಿದ್ರು. ಈಗ ಸಿನಿಮಾ ಡೈರೆಕ್ಟರ್ ಒಬ್ಬಂವ ಅದ ಮೀಸಿ ನೋಡಿ ಫೋನ್ ಮಾಡಿದ್ದ: "ಶುಕ್ರವಾರ ಗೋಕಾಕಿಗೆ ಬನ್ನಿ. ಹೀರೋ ಅಣ್ಣನ ಪಾತ್ರ. ಮೀಸೆ ಮಾತ್ರ ಮುಟ್ಟಬೇಡಿ."

ಮನಿ ಬಾಗಲದಾಗ ಅವ್ವ ಭರಮವ್ವ ಅಡ್ಡ ನಿಂತಳು.

"ಅಲ್ಲೇ ನಿಂದರ. ಒಳಗ ಬರಬ್ಯಾಡ."

"ಯಾಕಬೇ?"

"ನಿನ್ನ ಫೋಟೋಕ್ಕ ಮಾಲಿ ಹಾಕಿದ್ದು ಊರೆಲ್ಲಾ ನೋಡೈತಿ. ನಾನೂ ಹಾಡ್ಯಾಡಿ ಅತ್ತೇನಿ."

"ಅದು ಧಾರಾವಾಹಿಬೇ!"

"ಫೋಟೋ ನಿಂದು ಹೌದೋ ಅಲ್ಲೋ?"

ಫೋಟೋ ಖರೇನ ಅವಂದ.

ಬಾಜೂಮನಿ ಗುರುಲಿಂಗಪ್ಪ ಕಾಕಾ ಎಲಿಅಡಕಿ ಉಗುಳಿ ಬಂದು ನ್ಯಾಯಾ ಹೇಳಿದ. ಜೀವಂತ ಇದ್ದಂವಗ ಅತ್ತಬಿಟ್ರ, ಅಂವ ಹೊಸದಾಗಿ ಹುಟ್ಟಿ, ತೊಟ್ಟಲದಾಗ ಮಲಗಿ, ಬ್ಯಾರೆ ಹೆಸರು ಇಟಗೊಂಡ ಮ್ಯಾಲೇ ಹೊಸ್ತಿಲಾ ದಾಟಬೇಕು.

"ಮತ್ತ ಹುಟ್ಟಿದ ಕೂಸಿಗೆ ಮೀಸಿ ಇರೂದಿಲ್ಲೋ, ತಮ್ಮಾ."

"ಮೀಸಿ ಹೋದ್ರ ನನ್ನ ಪಾರ್ಟ್ ಹೋಗತೈತ್ರಿ ಕಾಕಾ!"

"ಹಂಗಾದ್ರ ಹೊರಗ ಇರ. ಸತ್ತಾಂವಗ ಚಾ ಕೊಡಾಕ ಬರೂದಿಲ್ಲ."

ಮಧ್ಯಾಹ್ನತನಕಾ ಭೀಮಶಿ ಕಟ್ಟಿಮ್ಯಾಲೆ ಕುಂತ, ಮೀಸಿ ಹಿಡಕೊಂಡು. ಒಳಗ ಒಲಿ ಹತ್ತಲಿಲ್ಲ. ಸತ್ತ ಮನ್ಯಾಗ ಒಲಿ ಹೆಂಗ ಹಚ್ಚೂದು? ಅವ್ವ ಸೋಮವಾರದಿಂದ ಒಂದು ತುತ್ತೂ ಉಂಡಿದ್ದಿಲ್ಲ.

"ಕ್ಷೌರದಂವನ್ನ ಕರೀರಿ," ಅಂದ ಭೀಮಶಿ.

ಆರಡಿ ಆಳಿಗೆ ತೊಟ್ಟಲಾ ಸಾಲಲಿಲ್ಲ. ಬೇವಿನ ಗಿಡಕ್ಕ ತಾಡಪತ್ರಿ ಕಟ್ಟಿ, ನಾಲ್ಕು ಮಂದಿ ತೂಗಿದ್ರು. ಭೀಮಶಿ ಕೂಸಿನಂಗ ಅತ್ತ. ಸೂಲಗಿತ್ತಿ ರಾಯವ್ವ ಮಾರಿ ಸೊಟ್ಟ ಮಾಡಿದ್ಳು.

"ಸಾಯೂದು ಚಲೋ ಮಾಡಿದ್ದಿ, ಹುಟ್ಟೂದು ಬರೂದಿಲ್ಲ ನೋಡು ನಿನಗ. ಇನ್ನೊಮ್ಮಿ ಅಳು."

ಮೂರನೇ ಸಲಕ್ಕ ಪಾಸಾದ. ಕಿವಿಯಾಗ ಯಲ್ಲೇಶ ಅಂತ ಹೆಸರು ಊದಿದ್ರು. ಅವ್ವ ಒಲಿ ಹಚ್ಚಿದ್ಳು.

ಶುಕ್ರವಾರ ಗೋಕಾಕದ ಲಾಡ್ಜಿನ್ಯಾಗ ಡೈರೆಕ್ಟರ್ ಮೀಸಿ ಇಲ್ಲದ ಅವನ ಬೆನ್ನಹಿಂದ ಬಾಗಲಾ ನೋಡಕೋತ ಕೇಳಿದ:

"ಭೀಮಶಿ ಬರಲಿಲ್ವಾ?"

'ನಾನ ಭೀಮಶಿ' ಅನ್ನಬೇಕಂತ ಬಾಯಿ ತಗದ. ಆದ್ರ ಬಾಯಾಗ ಬಂದದ್ದು ಬ್ಯಾರೆ.

"ಅಂವ ತೀರಿಕೊಂಡಾನ್ರಿ."

ಸುಳ್ಳೋ ಖರೇನೋ ಅಂವಗ ಗೊತ್ತಾಗಲಿಲ್ಲ.

"ಅಯ್ಯೋ! ಎಂಥಾ ನಟ ರೀ ಅವನು!"

ನಾಲ್ಕು ವರ್ಷದಾಗ ಯಾರೂ ಈ ಮಾತು ಅಂದಿದ್ದಿಲ್ಲ. ಯಲ್ಲೇಶಗ ದಳದಳ ಕಣ್ಣೀರು ಸುರದುವು. ಡೈರೆಕ್ಟರ್ ಒಂದು ನಿಮಿಷ ಅದನ್ನ ನೋಡಿದ.

"ನೀನು ತುಂಬಾ ಚೆನ್ನಾಗಿ ಅಳ್ತೀಯಲ್ಲ! ಹೀರೋ ತಮ್ಮನ ಪಾತ್ರ ಖಾಲಿ ಇದೆ. ಎಷ್ಟು ವರ್ಷ ಅನುಭವ?"

"ಅನುಭವಾ ಏನಿಲ್ರಿ ಸರ್," ಅಂದ ಯಲ್ಲೇಶ. "ಹುಟ್ಟಿ ಮೂರು ದಿನಾ ಆತು."