ಕಾಯದೇ ಹೇಳಿದ ಧನ್ಯವಾದ

ತಲೆ ಬೋಳಿಸುವವರು ಎಲ್ಲ ಊರಲ್ಲೂ ಸಿಗುತ್ತಾರೆ, ತಲೆ ಮುಚ್ಚುವವರು ಸಿಗುವುದು ಕಷ್ಟ. ನಾನು ಎರಡನೆಯ ಗುಂಪಿನವಳು, ವಿಗ್ ಕಟ್ಟುತ್ತೇನೆ. ನಾಟಕದವರಿಗಲ್ಲ, ಕಾಯಿಲೆಯ ಔಷಧಿಗೆ ಕೂದಲು ಕಳೆದುಕೊಂಡವರಿಗೆ. ಬಲೆಯಂಥ ಬಟ್ಟೆಗೆ ಸಣ್ಣ ಕೊಕ್ಕೆಯಿಂದ ಒಂದೊಂದೇ ಎಳೆ ಗಂಟು ಹಾಕುವ ಕೆಲಸ. ಕತ್ತು ಹಿಡಿದುಕೊಳ್ಳುತ್ತದೆ, ಕಣ್ಣು ಉರಿಯುತ್ತದೆ, ನಾಲಿಗೆ ಮಾತ್ರ ಖಾಲಿ ಕೂತಿರುತ್ತದೆ. ಅದಕ್ಕೇ ಅದು ಇಷ್ಟು ಹರಿತ ಎಂದು ನನ್ನ ಗಂಡ ಹೇಳುತ್ತಾರೆ, ಸ್ವಲ್ಪ ದೂರದಲ್ಲಿ ನಿಂತು.

ನನ್ನ ಕೋಣೆ ಮೂರನೇ ಮಹಡಿಯಲ್ಲಿದೆ. ಕೆಳಗೆ ಬೋರ್ಡಿಲ್ಲ. ಇಲ್ಲಿಗೆ ಬರುವವರಿಗೆ ಬೀದಿಯಲ್ಲಿ ನಾಲ್ಕು ಜನ ತಿರುಗಿ ನೋಡುವುದು ಬೇಡ. ಹಾಗಾಗಿ ವೆಬ್‌ಸೈಟೇ ನನ್ನ ಬಾಗಿಲು. ಅದನ್ನು ಕಟ್ಟಿಕೊಟ್ಟವನು ಮೈದುನ. ಹಿಂದಿನ ಬೀದಿಯಲ್ಲಿ ಬೋರ್ಡು ಬರೆಯುವ ಕೆಲಸ ಅವನದು, ಬಿಡುವಿನಲ್ಲಿ ಗುರುತಿನವರಿಗೆ ಸೈಟ್ ಮಾಡಿಕೊಡುತ್ತಾನೆ. ನನ್ನದು ಸ್ಟ್ಯಾಟಿಕ್ ಸೈಟ್ ಅಂತೆ. ಗೋಡೆಗೆ ಹಚ್ಚಿದ ಚಿತ್ರದ ಹಾಗೆ ಬಂದವರಿಗೆಲ್ಲ ಅದದೇ ಪುಟ ತೋರಿಸುತ್ತದೆ, ತಾನಾಗಿ ಏನೂ ಮಾಡುವುದಿಲ್ಲ. ಅದನ್ನು ಇಡುವುದಕ್ಕೆ ಒಂದು ಜಾಗ ಬೇಕು, ಹೋಸ್ಟಿಂಗ್ ಅನ್ನುತ್ತಾರೆ. ಅಂಥದ್ದೊಂದು ಪುಕ್ಕಟೆ ಜಾಗವನ್ನು ಅವನೇ ಹುಡುಕಿದ್ದ. ಕೊನೆಯ ಪುಟದಲ್ಲಿ ಬಂದವರು ಹೆಸರು, ಫೋನು, ಬೇಕಾದದ್ದು ಬರೆದು ಕಳಿಸಬಹುದಿತ್ತು, ಅದು ನನ್ನ ಮೇಲ್‌ಗೆ ಬರುತ್ತಿತ್ತು. ಕಳಿಸಿದರೆ "ಧನ್ಯವಾದ. ನಾಳೆಯೊಳಗೆ ನಾನೇ ಕರೆ ಮಾಡುತ್ತೇನೆ" ಎಂದು ಮೂಡುತ್ತಿತ್ತು. ಆ ಮಾತು ನನ್ನದು. ನನ್ನ ಫೋನ್ ನಂಬರನ್ನು ಮಾತ್ರ ಹಾಕಿಸಿರಲಿಲ್ಲ, ಗಂಟು ಹಾಕುವಾಗ ಅದು ಬಡಿದುಕೊಂಡರೆ ನನಗೆ ಮೈಯೆಲ್ಲ ಉರಿ. ಕರೆ ಮಾಡುತ್ತೇನೆ ಅಂದಮೇಲೆ ಮಾಡಿಯೇ ಮಾಡುತ್ತಿದ್ದೆ. ಅದೇ ನನಗೊಂದು ಜಂಬ.

ನನ್ನ ಕಣ್ಣಿಗೆ ಚುಚ್ಚಿದ್ದು ಪುಟದ ಅಡಿಯಲ್ಲಿದ್ದ ಒಂದು ಹಳದಿ ಪಟ್ಟಿ. ಈ ಸೈಟ್ ಉಚಿತವಾಗಿ ನಡೆಯುತ್ತಿದೆ, ನೀವೂ ಬನ್ನಿ ಎಂದು ಆ ಜಾಗದವರು ಹಾಕಿದ್ದು. ಬೆನ್ನು ಬಗ್ಗಿಸಿ ಕಟ್ಟಿದ ವಿಗ್ಗಿನ ಚಿತ್ರ, ಅದರ ಕೆಳಗೇ ಉಚಿತ ಎಂಬ ಮಾತು. ನೋಡಿದವರು ನನ್ನ ಬಗ್ಗೆ ಏನೆಂದುಕೊಂಡಾರು ಎಂದು ನಾನು ಮೈದುನನ ತಲೆ ತಿಂದೆ.

ಪಾಪ, ಅವನು ಬೇರೆ ಬೇರೆ ಜಾಗಗಳನ್ನೆಲ್ಲ ನೋಡಿಕೊಂಡು ಬಂದ. ಒಂದು ಬೇಗ ತೆರೆಯುತ್ತದೆ, ಇನ್ನೊಂದರಲ್ಲಿ ಚಿತ್ರ ಚೆನ್ನಾಗಿ ಕಾಣುತ್ತದೆ ಎಂದು ಒಂದೊಂದರ ಗುಣ ದೋಷ ಹೇಳತೊಡಗಿದ. ಜನ ಬರೆದದ್ದನ್ನು ಹಿಡಿದು ನಮಗೆ ತಲುಪಿಸುವ ವಿಷಯದಲ್ಲಿ ಹಳೇ ಜಾಗಕ್ಕೂ ಇವಕ್ಕೂ ಏನೋ ವ್ಯತ್ಯಾಸವಿದೆ ಎಂದು ಬಾಯಿ ತೆರೆದಿದ್ದ. ನನ್ನ ಕೊಕ್ಕೆಯಲ್ಲಿ ಎಳೆ ಸಿಕ್ಕಿಕೊಂಡಿತ್ತು. ಪುರಾಣ ಬೇಡ, ಯಾವುದರಲ್ಲಿ ಆ ಪಟ್ಟಿ ಇಲ್ಲ ಅಷ್ಟು ಹೇಳು ಅಂದೆ. ಅವನು ಹೇಳಿದ. ಆ ಜಾಗಕ್ಕೇ ಸೈಟನ್ನು ಸಾಗಿಸಿದೆವು.

ಹೊಸ ಜಾಗದಲ್ಲಿ ನನ್ನ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತಿತ್ತು. ಕಂಡ ಕಂಡವರಿಗೆ ತೋರಿಸಿದೆ. ಜನ ಬರೆದು ಕಳಿಸುವುದು ಮಾತ್ರ ನಿಂತೇಹೋಯಿತು.

ನಾನು ಲೋಕವನ್ನು ಬೈದೆ. ಯಂತ್ರದಲ್ಲಿ ಮಾಡಿದ ಅಗ್ಗದ ವಿಗ್ಗಿಗೆ ಜನ ಮರುಳಾದರು, ಕೈಕೆಲಸದ ಬೆಲೆ ಯಾರಿಗೂ ಬೇಡ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅತ್ತೆ ಮೂಲೆಯಲ್ಲಿ ಕೂತು ಕೂದಲು ಬಾಚಿ ಉದ್ದಕ್ಕೆ ತಕ್ಕಂತೆ ವಿಂಗಡಿಸಿಕೊಡುತ್ತಾರೆ. ಒಂದು ದಿನ ಅವರು, ನೀನೇ ಒಂದು ಸಲ ಬರೆದು ಕಳಿಸಿ ನೋಡಬಾರದಾ ಎಂದು ಕೇಳಿದರು. ನನ್ನ ಬಾಗಿಲನ್ನ ನಾನೇ ತಟ್ಟಿ ನೋಡಬೇಕಾ ಎಂದು ನಕ್ಕುಬಿಟ್ಟೆ. ಅವರು ಬಾಚಣಿಗೆಯ ಕಡೆ ತಿರುಗಿದರು.

ಆಮೇಲೆ ಆಕೆ ಬಂದರು. ಈಜು ಕಲಿಸುವ ಟೀಚರು. ಆಸ್ಪತ್ರೆಯ ನರ್ಸ್ ನನ್ನ ವಿಳಾಸ ಕೊಟ್ಟಿದ್ದರಂತೆ. ಅಗಲವಾದ ಭುಜ, ತಲೆಗೆ ಬಿಗಿಯಾಗಿ ಕಟ್ಟಿದ ಸ್ಕಾರ್ಫು. ಮೊದಲು ಕೂದಲು ಹೇಗಿತ್ತು ಎಂದು ಕೇಳಿದ್ದಕ್ಕೆ ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಸೊಂಟ ದಾಟಿದ ಜಡೆ. ವರ್ಷಾನುಗಟ್ಟಲೆ ರಬ್ಬರ್ ಟೋಪಿಯೊಳಗೆ ಮಡಿಸಿಟ್ಟು ಕಾಪಾಡಿದ್ದು. ಅಂಥ ಕೂದಲು ನನ್ನ ಕೈಗೆ ಬಂದೇ ಇಲ್ಲ. ಜಡೆ ಎಲ್ಲಿ ಅಂದೆ. ಕತ್ತರಿಸಿ ಎಸೆದೆ ಅಂದರು.

ನನಗೆ ಸಿಟ್ಟು ನೆತ್ತಿಗೇರಿತು.

"ಎಸೆಯೋಕೆ ಮುಂಚೆ ತಿಳಿದವರನ್ನ ಒಂದು ಮಾತು ಕೇಳಬಾರದಿತ್ತಾ? ನಿಮ್ಮ ಕೂದಲಲ್ಲೇ ಕಟ್ಟಿಕೊಡ್ತಿದ್ದೆ. ಕನ್ನಡಿಯಲ್ಲಿ ನೀವೇ ಕಾಣ್ತಿದ್ರಿ."

ಅಷ್ಟಕ್ಕೇ ನಿಲ್ಲಿಸಲಿಲ್ಲ. ಓದಿದವರೂ ಹೀಗೆ ಆತುರ ಬಿದ್ದರೆ ಹೇಗೆ ಎಂದು ಬುದ್ಧಿವಾದವನ್ನೂ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡರು.

"ಕೇಳಿದ್ದೆ. ಜಡೆ ಕೊಟ್ರೆ ಅದರಲ್ಲೇ ಕಟ್ಟಿಕೊಡ್ತೀರಾ ಅಂತ ಬರೆದಿದ್ದೆ. ನೀವು ಧನ್ಯವಾದ ಅಂದ್ರಿ. ನಾಳೆಯೊಳಗೆ ನಾನೇ ಕರೆ ಮಾಡ್ತೀನಿ ಅಂದ್ರಿ."

ಹಾಗೆ ಬರೆದು ಕಾದರಂತೆ. ಕತ್ತರಿಸಲು ಬಂದ ತಂಗಿಯನ್ನು, ಇವತ್ತು ಬೇಡ, ಅವರ ಕರೆ ಬರಲಿ ಎಂದು ವಾಪಸು ಕಳಿಸಿದರಂತೆ. ಅಷ್ಟರಲ್ಲಿ ಕೂದಲು ದಿಂಬಿನ ಮೇಲೆ ಮುದ್ದೆ ಮುದ್ದೆಯಾಗಿ ಬೀಳತೊಡಗಿತು. ತಡೆಯಲಾಗದೆ ಕತ್ತರಿಸಿದ್ದು. ಇದನ್ನೆಲ್ಲ ಅವರು ದೂರಿನ ಹಾಗೆ ಹೇಳಲಿಲ್ಲ. ನನ್ನಂಥವರು ಬಹಳ ಜನ ಬರೀತಾರೇನೋ, ನಿಮಗೆ ಪುರುಸೊತ್ತಿರಲಿಕ್ಕಿಲ್ಲ ಅಂದುಕೊಂಡೆ ಎಂದರು. ನಾನು ಮುಖ ಎಲ್ಲಿಡಲಿ? ಬಾಯಿ ಬಿಡಬಾರದೇ ಎಂದು ಭೂಮಿಯನ್ನು ಬೇಡಿಕೊಳ್ಳೋಣವೆಂದರೆ ಕೂತದ್ದು ಮೂರನೇ ಮಹಡಿಯಲ್ಲಿ.

ಮೈದುನನಿಗೆ ಫೋನು ಮಾಡಿದೆ. ಕೈಗೆ ಹತ್ತಿದ್ದ ನೀಲಿ ಬಣ್ಣ ಒರೆಸಿಕೊಳ್ಳುತ್ತಲೇ ಮೆಟ್ಟಿಲು ಹತ್ತಿ ಬಂದ. ತನ್ನ ಫೋನಿನಿಂದಲೇ ಪುಟಕ್ಕೆ ಹೋಗಿ ಏನೋ ಬರೆದು ಕಳಿಸಿದ. ಧನ್ಯವಾದ ಎಂದು ಮೂಡಿತು. ನನ್ನ ಮೇಲ್‌ಗೆ ಏನೂ ಬರಲಿಲ್ಲ. ಅವನ ಮುಖ ಇಳಿದುಹೋಯಿತು. ಹಳೇ ಜಾಗ ಬರೆದದ್ದನ್ನು ತಾನೇ ಹಿಡಿದು ಕಳಿಸುತ್ತಿತ್ತು, ಹೊಸದಕ್ಕೆ ಆ ಕೆಲಸ ಬರುವುದಿಲ್ಲ, ಬೇರೆ ಏರ್ಪಾಟು ಮಾಡಬೇಕಿತ್ತು, ಮರೆತೆ ಅಂದ. ಜನ ಕಾಯಬಾರದು ಎಂದು, ತಲುಪಿತೋ ಇಲ್ಲವೋ ನೋಡದೆ ಧನ್ಯವಾದ ತೋರಿಸುವ ಹಾಗೆ ಮಾಡಿದ್ದನಂತೆ. ಇಷ್ಟು ದಿನ ಜನ ಬರೆದದ್ದೆಲ್ಲ ಎಲ್ಲಿ ಹೋಯಿತು ಎಂದು ಕೇಳಿದೆ.

"ಎಲ್ಲೂ ಹೋಗಿಲ್ಲ ಅತ್ತಿಗೆ. ಹಿಡಿಯೋರೇ ಇರಲಿಲ್ಲ."

ನಾನು ಟೀಚರ ಕಡೆ ತಿರುಗಿ, "ನೋಡಿ, ಇದೆಲ್ಲ ಇವನ ಕೆಲಸ, ನನಗೆ ಇದರ ಗಂಧಗಾಳಿ ಇಲ್ಲ" ಅಂದೆ.

ಆ ಮಾತು ಬಾಯಿಂದ ಹೊರಬಿದ್ದ ಕೂಡಲೇ ನನಗೆ ಎಲ್ಲ ನೆನಪಾಯಿತು. ಅವನು ವ್ಯತ್ಯಾಸ ಎಂದು ಬಾಯಿ ತೆರೆದದ್ದು, ಪುರಾಣ ಬೇಡ ಎಂದು ನಾನು ಮುಚ್ಚಿಸಿದ್ದು. ಅವನಿಗೂ ನೆನಪಿತ್ತು. ಒಂದು ಮಾತಿನಲ್ಲಿ ನನ್ನನ್ನು ಕೆಡವಬಹುದಿತ್ತು. ಅದರ ಬದಲು ತಪ್ಪಾಯ್ತು ಮೇಡಂ ಎಂದು ಟೀಚರಿಗೆ ಹೇಳಿ ತಲೆ ತಗ್ಗಿಸಿ ನಿಂತ. ಅತ್ತೆ ಮೂಲೆಯಿಂದ ನನ್ನನ್ನೇ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾಚಿಕೆಯಾದರೂ ತಪ್ಪು ನನ್ನದೆಂದು ಒಪ್ಪಿಕೊಳ್ಳಲಿಲ್ಲ. ಟೇಪು ತೆಗೆದುಕೊಂಡು ಟೀಚರ ತಲೆಯ ಅಳತೆ ಹಿಡಿದೆ.

ಮಾರನೇ ದಿನ ಮೈದುನ ಮತ್ತೆ ಜಾಗಗಳ ಪುರಾಣ ತಂದ. ಈ ಸಲ ಕೊಕ್ಕೆ ಕೆಳಗಿಟ್ಟು, ಗೊತ್ತಾಗದ ಕಡೆ ಎರಡೆರಡು ಸಲ ಕೇಳಿ, ಕೊನೆಯವರೆಗೂ ಕೇಳಿಸಿಕೊಂಡೆ. ಮುಗಿದ ಮೇಲೆ ಹಳೇ ಜಾಗಕ್ಕೇ ಹೋಗೋಣ ಅಂದೆ. ಹಳದಿ ಪಟ್ಟಿ ಬರುತ್ತಲ್ಲ ಎಂದು ಅವನು ಅನುಮಾನಿಸಿದ. ಇರಲಿ ಬಿಡು ಅಂದೆ. ನನ್ನ ಫೋನ್ ನಂಬರನ್ನೂ ಹಾಕಿಸಿದೆ. ತಲುಪಿದ್ದು ಖಾತ್ರಿಯಾದ ಮೇಲೆಯೇ ಧನ್ಯವಾದ ಮೂಡುವ ಹಾಗೆ ಅವನು ತಿದ್ದಿದ. ಮೊದಲು ಬರೆದು ಕಳಿಸಿದವಳು ನಾನೇ. ಕೂದಲು ಕಳೆದುಕೊಂಡಿದ್ದೇನೆ, ದಯವಿಟ್ಟು ಕರೆ ಮಾಡಿ ಎಂದು ಬರೆದು ಒತ್ತಿದೆ. ಮೇಲ್ ಬರುವ ತನಕ ಫೋನಿನಿಂದ ಕಣ್ಣು ತೆಗೆಯಲಿಲ್ಲ. ಇದನ್ನೇ ಬರೆದು ಎಷ್ಟು ಜನ ಫೋನನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದರೋ. ಅವರು ಯಾರೆಂದು ತಿಳಿಯುವ ದಾರಿಯೇ ನನಗಿಲ್ಲ.

ವಿಗ್ಗಿಗೆಂದು ಹೊಲಿದ ಬಲೆಯ ಟೋಪಿ ಹಾಕಿ ನೋಡಲು ಟೀಚರು ಬಂದಾಗ, ಅವರು ಕೇಳುವ ಮುಂಚೆಯೇ ನಾನು ಹೇಳಿಬಿಟ್ಟೆ.

"ಅವತ್ತು ಸುಳ್ಳು ಹೇಳಿದೆ. ತಪ್ಪು ಹುಡುಗನದಲ್ಲ, ನಂದು. ಅವನು ಹೇಳೋಕೆ ಬಂದಿದ್ದ, ನಾನೇ ಕೇಳಿಸಿಕೊಳ್ಳಲಿಲ್ಲ."

ಆಕೆ ಕನ್ನಡಿಯಲ್ಲಿ ನನ್ನನ್ನು ನೋಡಿ, ಹೇಳಿದ್ದು ಒಳ್ಳೇದಾಯ್ತು ಅಂದರು. ನನಗೆ ಎದೆಯ ಭಾರ ಇಳಿದಂತಾಯಿತು. ಸ್ಕಾರ್ಫು ಕಟ್ಟಿಕೊಡುತ್ತ, ಮೊದಲಿನ ಗತ್ತಿನಲ್ಲೇ, ವಿಗ್ ಮುಗಿದ ದಿನ ನಾನೇ ಕರೆ ಮಾಡುತ್ತೇನೆ ಅಂದೆ.

ಆಕೆ ಚೀಲ ಹೆಗಲಿಗೇರಿಸಿಕೊಂಡರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಕರೆ ಬೇಡ," ಅಂದರು. "ನಾನೇ ಬಂದು ಕೇಳ್ತೀನಿ."