ಮಾತಿಲ್ಲದ ಮಗ್ಗುಲು

ವೇದಿಕೆಯ ಮೇಲೆ ಊರಿನ ಯಜಮಾನ ಪಂಚಾಕ್ಷರಯ್ಯನವರ ತೋರುಬೆರಳು ಗಾಳಿಯಲ್ಲಿ ಗಿರ್ರನೆ ಸುತ್ತತೊಡಗಿತು. ಹಿರೀಸಾವೆ ಸುತ್ತಿನಲ್ಲಿ ಆ ಬೆರಳಿನ ಅರ್ಥ ಬಲ್ಲವನು ಮೈಕ್‌ಸೆಟ್ ದೇವರಾಜು ಒಬ್ಬನೇ: ಪದ ಹಾಕು. ಮದುವೆಮನೆಯಲ್ಲಿ ಬೀಗರು ಜಗಳಕ್ಕೆ ನಿಂತರೆ, ಸಭೆಯಲ್ಲಿ ಯಾರಾದರೂ ಕೇಳಬಾರದ್ದನ್ನು ಕೇಳಿದರೆ, ಮೈಕಿನ ದನಿ ಇಳಿಸಿ ಜೋರಾಗಿ ಒಂದು ಭಕ್ತಿಗೀತೆ ಬಿಟ್ಟುಬಿಡುವುದು ಅವನ ಕಸುಬಿನ ಅರ್ಧ ಪಾಲು. ಹಾಗೆ ಎಷ್ಟೋ ಜನರ ಬಾಯನ್ನು ಅವನು ದೇವರ ಹೆಸರಿನಲ್ಲಿ ಮುಚ್ಚಿಸಿದ್ದ.

ಈ ಸಲ ಮುಚ್ಚಿಸಬೇಕಾಗಿದ್ದದ್ದು ನಂಜಮ್ಮನ ಬಾಯಿ. ಊರಿನ ಹೊಸ ನೀರಿನ ಟ್ಯಾಂಕಿನ ಉದ್ಘಾಟನೆ ಅಂದು. ಸೋಬಾನೆ ಹೇಳುವುದರಲ್ಲಿ ಎತ್ತಿದ ಕೈ ಎಂದು ಪಂಚಾಕ್ಷರಯ್ಯನವರೇ ಮುದುಕಿಯನ್ನು ಕರೆದು ಮೈಕಿನ ಮುಂದೆ ನಿಲ್ಲಿಸಿದ್ದರು. ಅವಳು ಸೆರಗು ಸರಿಮಾಡಿಕೊಂಡು, ಹಾಡುವ ಬದಲು ಕೇಳಿದಳು:

"ಟ್ಯಾಂಕೇನೋ ಚೆಂದಾಗದೆ ಕಣಪ್ಪ. ಪೈಪು ನಿಮ್ ತ್ವಾಟದ ಬೇಲಿಗಂಟ ಬಂದದೆ. ಅಲ್ಲಿ ಕೂಗಿದ್ರೆ ನಮ್ ಕೆಳಗಲ ಬೀದೀಗೆ ಕೇಳ್ತದೆ, ಅಷ್ಟೇ ದೂರ. ಅದ್ಯಾಕೆ ಅಲ್ಲೇ ನಿಂತೋಯ್ತು?"

ಪಂಚಾಕ್ಷರಯ್ಯನವರ ಬೆರಳು ಎದ್ದದ್ದು ಆಗಲೇ. ಈಗ ಅದು ಇನ್ನೊಂದು ಸುತ್ತು ಸುತ್ತಿತು.

ದೇವರಾಜು ಕ್ಯಾಸೆಟ್ಟಿನ ಡಬ್ಬಿ ತೆರೆದ. ಊರಿನ ಮದುವೆ, ನಾಟಕ, ಓಟಿನ ಭಾಷಣ, ಎಲ್ಲಕ್ಕೂ ಅವನ ಸೆಟ್ಟೇ ಆಗಬೇಕೆಂದು ಹೇಳಿ ಕಳಿಸುತ್ತಿದ್ದವರು ಇದೇ ಪಂಚಾಕ್ಷರಯ್ಯ. ಅವರ ಬೆರಳು ನಿಂತರೆ ಅವನ ಒಲೆಯೂ ನಿಂತಂತೆ. ಆದರೆ ಅವನ ಹೆಂಡತಿ ಸ್ನೇಹಲತಾಳ ತವರೂ ಕೆಳಗಲ ಬೀದಿಯೇ. ಅಲ್ಲಿನ ಹೆಂಗಸರು ನೀರಿಗೆ ಹೆದ್ದಾರಿ ದಾಟಿ ಹೋಟೆಲಿನವರ ಬಾವಿಗೆ ಹೋಗಿ ಬೈಸಿಕೊಂಡು ಬರುವುದನ್ನು ಅವನು ದಿನವೂ ಕಾಣುತ್ತಿದ್ದ. ಕೈ ಭಕ್ತಿಗೀತೆಯ ಕ್ಯಾಸೆಟ್ಟಿನ ಕಡೆಗೆ ಹೋಯಿತು, ಅರ್ಧದಲ್ಲೇ ತಡೆಯಿತು. ಪಕ್ಕದಲ್ಲಿ ಚಂದ್ರೂ ಕೊಟ್ಟ ಕ್ಯಾಸೆಟ್ಟು ಇತ್ತು.

ಚಂದ್ರೂ ಎಂದರೆ ಇಟಲಿಯ ಸಾಂಡ್ರೊ. ಮೂರು ವರ್ಷದ ಹಿಂದೆ ಶ್ರವಣಬೆಳಗೊಳದ ಮಸ್ತಕಾಭಿಷೇಕಕ್ಕೆ ಬಂದವನು, ಹತ್ತಿದ ಬಸ್ಸು ಕೆಟ್ಟು ಹಿರೀಸಾವೆಯಲ್ಲಿ ಇಳಿದು, ದೇವರಾಜುವಿನ ಅಂಗಡಿಯಲ್ಲಿ ಪೇರಿಸಿಟ್ಟಿದ್ದ ಸ್ಪೀಕರ್ ಡಬ್ಬಗಳನ್ನು ಕಂಡು ನೆಂಟರು ಸಿಕ್ಕಂತೆ ಕುಣಿದುಬಿಟ್ಟಿದ್ದ. ಅವನದೂ ಇದೇ ಕಸುಬು. ಇಬ್ಬರ ಹರಕು ಇಂಗ್ಲಿಷೂ ಕೂಡಿ ಒಂದು ಇಡೀ ಮಾತಾಗುತ್ತಿತ್ತು. ಕಾರ್ಖಾನೆ ಮುಚ್ಚಿದ ಕಡೆ ವ್ಯಾನಿನಲ್ಲಿ ಡಬ್ಬ ಹೊತ್ತು ಹೋಗುತ್ತೇವೆ, ಕೆಲಸ ಕಿತ್ತುಕೊಂಡವರು ಯಾರು, ಉಂಡವರು ಯಾರು ಎಂದು ಹಾಡುತ್ತೇವೆ, ಅದೂ ರೇಡಿಯೋ ಭಾಷೆಯಲ್ಲಲ್ಲ, ಅವ್ವ ಬೈಯುವ ಭಾಷೆಯಲ್ಲಿ, ಎಂದಿದ್ದ. ತಾಳ ರೆಗ್ಗೆಯದಂತೆ, ಕಡಲಾಚೆಯ ದ್ವೀಪದವರ ಕುಣಿತದ್ದು. ಪೊಲೀಸರು ಬರುವುದೂ ಉಂಟಂತೆ. ಹೊರಡುವಾಗ ಒಂದು ಕ್ಯಾಸೆಟ್ಟು ಕೊಟ್ಟ. ಒಂದು ಮಗ್ಗುಲಲ್ಲಿ ಹಾಡು, ಇನ್ನೊಂದರಲ್ಲಿ ಬರೀ ವಾದ್ಯ. "ಇದ್ಕೆ ಪದ ಯೋಳೋರ್ಯಾರು?" ಎಂದು ದೇವರಾಜು ಕೇಳಿದ್ದಕ್ಕೆ, ಗುಂಪಿನಲ್ಲಿ ಯಾರಿಗೆ ಹೇಳುವುದಿದೆಯೋ ಅವರು ಬಂದು ಮೈಕು ಹಿಡಿಯುತ್ತಾರೆ ಎಂದಿದ್ದ. ಹುಚ್ಚು ಮುಂಡೇದು ಎಂದು ಆಗ ದೇವರಾಜು ನಕ್ಕಿದ್ದ.

ಈಗ ಆ ಮಗ್ಗುಲನ್ನೇ ಹಾಕಿದ. ಮೈಕಿನ ದನಿ ಮಾತ್ರ ಇಳಿಸಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಅವನ ಲೆಕ್ಕ.

ಧಿಮ್ಮೆಂದು ವಾದ್ಯ ಎದ್ದಿತು. ನಿಧಾನದ ನಡೆ, ಒಂದು ಹೆಜ್ಜೆ ಇಟ್ಟು ಇನ್ನೊಂದಕ್ಕೆ ತಡೆದು ನಿಂತಂತೆ. ನಂಜಮ್ಮ ಒಂದು ಗಳಿಗೆ ಬೆಚ್ಚಿ ಕಂಬದ ಮೇಲಿನ ಹಾರನ್ ಸ್ಪೀಕರನ್ನು ನೋಡಿದಳು. ಆಮೇಲೆ ಅವಳ ತಲೆ ಅಲ್ಲಾಡತೊಡಗಿತು. ನೂರಾರು ಹಸೆಗಳ ಮುಂದೆ ಹಾಡಿದ ಗಂಟಲು, ತಾಳ ಸಿಕ್ಕ ಮೇಲೆ ಸುಮ್ಮನಿರುತ್ತದೆಯೇ?

"ತ್ವಾಟಕ್ಕೆ ಬಂದ ಗಂಗಮ್ಮ ಬೀದೀಗೆ ಯಾಕೆ ಬರ್ನಿಲ್ಲ," ಎಂದು ಎಳೆದಳು.

ಹಿಂದೆ ಕೂತಿದ್ದ ಕೆಳಗಲ ಬೀದಿಯ ಹೆಂಗಸರು ಸೋಬಾನೆಯ ರೂಢಿಯ ಬಲದಿಂದ "ಸೋ..." ಎಂದರು. ಎಂದ ಮೇಲೆ ತಮಗೆ ತಾವೇ ಬೆರಗಾದರು. ಮುಂದಿನ ಸಾಲಿಗೆ ಬೇಕೆಂದೇ ಅಂದರು.

ಪಂಚಾಕ್ಷರಯ್ಯನವರು ನಗುಮುಖ ಇಟ್ಟುಕೊಂಡೇ ವೇದಿಕೆ ಇಳಿದು ಬಂದರು.

"ಏನ್ಲಾ ಇದು?"

"ಪದ ಆಕು ಅಂದ್ರಲ್ಲ ಸಾ. ಆಕಿವ್ನಿ."

"ಇದ್ರಾಗೆ ಮಾತೇ ಇಲ್ವಲ್ಲಾ."

"ಈ ಮಗ್ಗುಲಾಗೆ ಮಾತಿಲ್ಲ ಸಾ," ಎಂದ ದೇವರಾಜು. "ಮಾತು ಜನ ಆಡ್ಕಬೇಕು."

ಅವರು ಅವನನ್ನೇ ನೋಡಿದರು. "ಮುಂದಿನ ತಿಂಗ್ಳು ನನ್ ಮಗಳ ಮದುವೆಗೆ ಚನ್ನರಾಯಪಟ್ಣದಿಂದ ಸೆಟ್ ತರುಸ್ತೀನಿ. ಇನ್ಮೇಲೆ ಎಲ್ಲಾದ್ಕೂವೆ."

"ಆಯ್ತು ಸಾ."

ಕೋಲು ಮುರಿಯಿತು. ಸ್ನೇಹಲತಾಳಿಗೆ ಏನು ಹೇಳುವುದೆಂದು ದಿಗಿಲಾಯಿತು ಅವನಿಗೆ, ಅಳುವೇ ಬಂದಂತಾಯಿತು. ಆದರೂ ಕೈ ತಾನಾಗಿ ಮೈಕಿನ ತಿರುಪಿಗೆ ಹೋಗಿ ದನಿಯನ್ನು ಇನ್ನಷ್ಟು ಏರಿಸಿತು.

ಒಂದು ಹಾರನ್ನನ್ನು ಪಂಚಾಕ್ಷರಯ್ಯನವರ ಮಾತಿನಂತೆ ಬೆಳಿಗ್ಗೆಯೇ ಅವರ ತೋಟದ ಕಡೆಗೆ ತಿರುಗಿಸಿ ಕಟ್ಟಿದ್ದ. ತೆಂಗಿನ ಪಾತಿಗಳಿಗೆ ಹೊಸ ಪೈಪಿನ ನೀರು ಬಿಡುತ್ತಿದ್ದ ಆಳು ಗುದ್ದಲಿ ಊರಿಕೊಂಡು ಇತ್ತಲೇ ತಿರುಗಿ ನಿಂತಿದ್ದ. ಪಾತಿ ತುಂಬಿ, ಕಟ್ಟೆ ಒಡೆದು, ನೀರು ಅವನ ಪಾದದ ಮೇಲಿಂದ ಕೆಳಗಲ ಬೀದಿಯ ದಿಕ್ಕಿನ ಬೇಲಿಯ ಕಡೆಗೆ ಹರಿಯುತ್ತಿತ್ತು.