ಹಡಗಿಗೆ ಮನೆ ನೋಡಲು ಹೋದವರು

ಗುತ್ಯಮ್ಮ ಪರದೆ ಸರಿಸಿದಳು. ಹಿಂದೆ ಗೋಡೆ ಇತ್ತು.

ಪರದೆ ಮುಚ್ಚಿ ಮತ್ತೊಮ್ಮೆ ಸರಿಸಿದಳು. ಗೋಡೆಯೇ. ಗೆಣ್ಣಿನಿಂದ ಬಡಿದರೆ ಖಾಲಿ ಎಣ್ಣೆ ಡಬ್ಬದ ಹಾಗೆ ಸದ್ದು ಕೊಡುವ ಬಿಳಿಯ ಗೋಡೆ. ಕಿಟಕಿಯೇ ಇಲ್ಲದ ಜಾಗಕ್ಕೆ ಮದುವೆ ಸೀರೆಯಂಥ ಪರದೆ ಇಳಿಬಿಟ್ಟವರ ಮನಸ್ಸು ಎಂಥದ್ದಿರಬಹುದು ಎಂದು ಅವಳು ಯೋಚಿಸಿದಳು.

"ಚೌಡಾ, ಇಲ್ಲಿ ಕಿಟಕಿ ಇಲ್ಲ ಕಣೋ."

ತಮ್ಮ ಚೌಡಪ್ಪ ಮಂಚದ ಮೇಲೆ ಕೂತು ಹಾಸಿಗೆಯನ್ನು ಅಂಗೈಯಿಂದ ಒತ್ತಿ ಒತ್ತಿ ನೋಡುತ್ತಿದ್ದ. "ಪರದೆ ಐತಲ್ಲ."

"ಪರದೆ ಐತೆ. ಕಿಟಕಿ ಇಲ್ಲ."

"ಸರಿಯಾಗಿ ಹುಡುಕು. ಎಲ್ಲಿ ಹೋಗ್ತದೆ? ತಪ್ಪಿಸ್ಕೊಂಡು ಹೋಗೋಕೆ ಅದೇನು ಕುರಿಮರಿನಾ?"

ಅವರಿಬ್ಬರೂ ಸಮುದ್ರ ನೋಡಲು ಬಂದವರಲ್ಲ. ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಿಂದ ಮುಂಬೈವರೆಗೆ ಬಸ್ಸಿನಲ್ಲಿ ಮೈ ಕೈ ನುಜ್ಜುಗುಜ್ಜಾಗಿಸಿಕೊಂಡು ಈ ಹಡಗು ಹತ್ತಿದ್ದು ಮನೆ ನೋಡಲು. ಚೌಡಪ್ಪನ ಮಗಳು, ಆನವಟ್ಟಿಯಲ್ಲಿ ಅಂಗಡಿ ನಡೆಸುವ ಮಧುಶ್ರೀಗೆ ಶಿಕಾರಿಪುರದ ಕಡೆಯ ಅಂಜನಾಪುರದ ಗಂಡು ಗೊತ್ತಾಗಿತ್ತು. ಹೆಸರು ಮಾಲತೇಶ್, ಹಡಗಿನ ಬಾರಿನಲ್ಲಿ ಕೆಲಸ. ಹೆಣ್ಣು ನೋಡಿದ್ದಾಯಿತು, ಇಬ್ಬರೂ ಒಪ್ಪಿದ್ದಾಯಿತು. ಇನ್ನು ಹೆಣ್ಣಿನ ಕಡೆಯ ಹಿರಿಯರು ಗಂಡಿನ ಮನೆ ನೋಡಿ ಬರಬೇಕು. ನೀರು ಕುಡಿದು ರುಚಿ ನೋಡಬೇಕು, ಅಡುಗೆಮನೆಗೆ ಬೆಳಕು ಬರುತ್ತದೆಯೇ ನೋಡಬೇಕು, ಹುಡುಗಿ ಎಲ್ಲಿ ಮಲಗುತ್ತಾಳೆ ಎಂದು ನಾಚಿಕೆ ಬಿಟ್ಟು ಕೇಳಬೇಕು. ಆಮೇಲಷ್ಟೇ ಮಾತು ಕೊಡುವುದು.

ಅಂಜನಾಪುರದಲ್ಲಿ ಮಾಲತೇಶನ ಅಪ್ಪ ಮಾಸ್ತಪ್ಪ, ಅವ್ವ ಸುಂಕಲಮ್ಮ ಇದ್ದ ಮನೆಗೆ ಯಾವ ಕೊರತೆಯೂ ಇರಲಿಲ್ಲ. ಜಲಾಶಯದ ಕೆಳಗಿನ ಗದ್ದೆ, ಸಿಹಿನೀರು. ಹೋಳಿಗೆ ತಿಂದು ಎಲ್ಲರೂ ಎದ್ದು ಹೊರಟಾಗ ಗುತ್ಯಮ್ಮ ಮಾತ್ರ ಏಳಲಿಲ್ಲ.

"ಇದು ನಿಮ್ಮನೆ ಆತು. ಹುಡುಗನ ಮನೆ?"

ಹೆಣ್ಣು ನೋಡಲು ಬಂದ ದಿನವೇ ಚೌಡಪ್ಪ ಹುಡುಗನನ್ನು, ಇರೋಕೆ ಏನು ಕೊಟ್ಟಾರೆ ಎಂದು ಕೇಳಿದ್ದ. ಕ್ಯಾಬಿನ್ ಕೊಟ್ಟಾರ್ರೀ ಎಂದು ಅವನು ಹೇಳಿದ್ದ. ಅಷ್ಟು ಸಾಕಾಗಿತ್ತು. ಡ್ಯಾಮಿನ ಗೇಟು ಎತ್ತುವವನಿಗೆ ಕ್ವಾರ್ಟರ್ಸ್ ಇದೆ, ಲೈನ್‌ಮನ್‌ಗೆ ಇದೆ, ದನದ ಆಸ್ಪತ್ರೆಯ ಕಾಂಪೌಂಡರ್‌ಗೂ ಇದೆ. ಮದುವೆಯಾದ ಮೇಲೆ ಹೆಂಡತಿ ಒಂದು ಗ್ಯಾಸ್ ಒಲೆ, ಎರಡು ಟ್ರಂಕು ಹೊತ್ತುಕೊಂಡು ಅಲ್ಲಿಗೆ ಹೋಗುತ್ತಾಳೆ. ಹಡಗಿನವರೂ ಹಾಗೆಯೇ ಕೊಟ್ಟಿರುತ್ತಾರೆ. ಕೊಟ್ಟಿದ್ದಾರೆಂದ ಮೇಲೆ ನೋಡಬೇಕು.

ಕುಪ್ಪಗಡ್ಡೆಯಲ್ಲಿ ಜನ ಬಿದ್ದು ಬಿದ್ದು ನಕ್ಕರು. ಮಾಸ್ತಪ್ಪ ನಗಲಿಲ್ಲ. ಹಡಗು ನೋಡುವ ಆಸೆ ಇರಬೇಕೆಂದು ಮಗನಿಗೆ ಫೋನ್ ಮಾಡಿದ. ನೌಕರರ ಕಡೆಯವರಿಗೆ ರಿಯಾಯಿತಿ ಇತ್ತು. ತಾನು ದುಡಿಯುವ ಜಾಗ ನೋಡಬೇಕೆಂದು ಹಿರಿಯರು ಆಸೆಪಟ್ಟಿದ್ದಾರೆ ಎಂದುಕೊಂಡ ಹುಡುಗ ಖುಷಿಯಿಂದ ಟಿಕೆಟ್ ಕಳಿಸಿದ.

ಗುತ್ಯಮ್ಮನ ಹಟಕ್ಕೆ ಬೇರೆ ಬೇರು ಇತ್ತು. ಅವಳ ಗಂಡ ಕುರಿಯವನು. ಮಳೆಗಾಲ ಹಿಡಿಯುವ ಮೊದಲೇ ಹಿಂಡು ಹೊಡೆದುಕೊಂಡು ಮೂಡಣ ಬಯಲಿಗೆ ಹೋದರೆ ಸುಗ್ಗಿ ಮುಗಿದ ಮೇಲೇ ಅವನ ಮುಖ ಕಾಣುತ್ತಿದ್ದುದು. ಅವನು ತೀರಿಹೋಗುವವರೆಗೂ ಬಾಳು ಹೀಗೇ ನಡೆಯಿತು. ನಡುವೆ ಚೌಡಪ್ಪನ ಹೆಂಡತಿ ಸತ್ತಾಗ ಪುಟ್ಟ ಮಧುಶ್ರೀಯನ್ನು ಪಕ್ಕದ ತನ್ನ ಮನೆಗೆ ಎತ್ತಿಕೊಂಡು ಬಂದು ಸಾಕಿದವಳು ಇವಳೇ. ಸಾಕಿದ ಋಣಕ್ಕೆ ಅವಳು ಕೇಳಿದ್ದು ಒಂದೇ. ಗಂಡ ಎಲ್ಲಿ ಮಲಗುತ್ತಾನೋ ಹುಡುಗಿಯೂ ಅಲ್ಲೇ ಮಲಗಬೇಕು. "ನಂಗಾದ ಗತಿ ಅದಕ್ಕೆ ಬ್ಯಾಡ," ಎಂದು ಊರಿಗೆಲ್ಲ ಹೇಳಿದ್ದಳು. ಮದುವೆಗೆ ಹೂಂ ಅನ್ನುವುದೂ ಉಹೂಂ ಅನ್ನುವುದೂ ಅವಳ ಕೈಯಲ್ಲಿತ್ತು.

ಮೇಜಿನ ಮೇಲೆ ನೀರಿನ ಬಾಟಲಿ ಇತ್ತು. ಶಾಸ್ತ್ರಕ್ಕೆ ಒಂದು ಗುಟುಕು ಎಂದು ಶುರುಮಾಡಿ ಬಾಯಾರಿಕೆಗೆ ಅರ್ಧ ಖಾಲಿ ಮಾಡಿದಳು. ಚೌಡಪ್ಪ ಬಾಟಲಿಯ ಕೊರಳಿಗೆ ಕಟ್ಟಿದ್ದ ಚೀಟಿಯನ್ನು ಕಣ್ಣು ಕಿರಿದು ಮಾಡಿ ಓದಿದ.

"ಅಕ್ಕ, ಉಗುಳು."

"ಯಾಕೋ?"

"ಮಾರೋ ನೀರಂತೆ. ಮುಚ್ಚಳ ತೆಗೆದ್ರೆ ನಮ್ಮ ಲೆಕ್ಕಕ್ಕಂತೆ."

ಗುತ್ಯಮ್ಮ ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದಳು. ಹೊಸಿಲು ದಾಟಿದವನಿಗೆ, ಶತ್ರುವೇ ಇರಲಿ, ಮೊದಲು ಚೊಂಬು ನೀರು. ಇದು ಮನೆ ನೋಡಲು ಬಂದವರಿಗೆ ನೀರು ಮಾರುವ ಮನೆ!

ಚೌಡಪ್ಪ ವಿಚಾರಿಸಿಕೊಂಡು ಬರುತ್ತೇನೆಂದು ಹೋದವನು ಬಹಳ ಹೊತ್ತಿನ ಮೇಲೆ ಕೈಯಲ್ಲಿ ಬಿಯರ್ ಲೋಟ ಹಿಡಿದು, ಕಳ್ಳನ ಮುಖ ಹೊತ್ತು ವಾಪಸಾದ.

"ಅಕ್ಕ, ಬಯ್ಯಬ್ಯಾಡ. ಕುಡಿಯೋದಕ್ಕೊಂದು ಪ್ಯಾಕೇಜ್ ಅಂತ ಐತೆ. ಒಂದು ರೂಮಿನಾಗೆ ಒಬ್ರು ತಗಂಡ್ರೆ ಇನ್ನೊಬ್ರೂ ತಗೋಬೇಕಂತೆ. ಕಾನೂನು. ನಿನ್ನ ಹೆಸರಿಗೂ ಬರ್ಸಿದೀನಿ."

"ನನ್ನ ಹೆಸರಿಗೆ ಎಂಥ ಬರ್ಸಿದೀಯ?"

"ವಿಸ್ಕಿ, ಬ್ರಾಂದಿ, ಏನು ಬೇಕಾರೂ. ದಿನಾ." ತಮ್ಮ ಒಂದು ಹೆಜ್ಜೆ ಹಿಂದೆ ಸರಿದ. "ಆದ್ರೆ ನೀರು ಪುಕ್ಕಟೆ ಆತು ನೋಡು."

ಕುಡಿಯುವವರಿಗೆ ನೀರು ಪುಕ್ಕಟೆ, ಕುಡಿಯದವರಿಗೆ ದುಡ್ಡು. ಗುತ್ಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಡಿ, ಹುಡುಗನ ಮನೆ ಯಾವುದು ಕೇಳಾಣ," ಎಂದು ಎದ್ದಳು.

ಲಿಫ್ಟಿಗೆ ಹೆದರಿ ಮೆಟ್ಟಿಲು ಹತ್ತಿದರು. ಹತ್ತಿದಂತೆ ಹಡಗು ಬೇರೆಯಾಗುತ್ತ ಹೋಯಿತು. ಅವರ ಅಂತಸ್ತಿನಲ್ಲಿ ಬಾಗಿಲಿಗೆ ಬಾಗಿಲು ತಾಗಿಕೊಂಡಿತ್ತು. ಮೇಲೆ ಹೋದಂತೆ ಬಾಗಿಲುಗಳು ಒಂದಕ್ಕೊಂದು ದೂರವಾದವು, ಕಾಲ ಕೆಳಗಿನ ಜಮಖಾನೆ ದಪ್ಪವಾಯಿತು, ಗಾಳಿಯ ವಾಸನೆಯೂ ಬದಲಾಯಿತು. ಒಂದು ಅಂತಸ್ತಿನಲ್ಲಿ ಗುಡಿಸಲೆಂದು ತೆರೆದಿಟ್ಟ ಕೋಣೆಯಲ್ಲಿ ಕಿಟಕಿ ಕಂಡಿತು. ಕಿಟಕಿ ಎಂದರೆ ತೆರೆಯಲಾಗದ ಗಾಜು, ಆಚೆ ಸಮುದ್ರ. ಇನ್ನೊಂದರಲ್ಲಿ ಕೋಣೆಗೇ ಒಂದು ಜಗಲಿ, ಜಗಲಿಯಲ್ಲಿ ಎರಡು ಕುರ್ಚಿ, ಕುರ್ಚಿಯ ಬುಡಕ್ಕೇ ಸಮುದ್ರ. ಎಲ್ಲಕ್ಕಿಂತ ಮೇಲಿನದಕ್ಕೆ ಗಾಜಿನ ಬಾಗಿಲು. ಚಿನ್ನದ ಬಣ್ಣದ ಕಾರ್ಡು ತೋರಿಸಿದವರಿಗಷ್ಟೇ ಅದು ತೆರೆದುಕೊಳ್ಳುತ್ತಿತ್ತು. ಯಾರೋ ಒಳಹೋಗುವಾಗ ಗುತ್ಯಮ್ಮ ಇಣುಕಿದಳು. ತೆರೆದಿದ್ದ ಮೊದಲ ಕೋಣೆಯ ಬಚ್ಚಲೊಂದೇ ಅವಳ ಕುರಿಹಟ್ಟಿಗಿಂತ ಅಗಲವಿತ್ತು. ಒಂದೇ ಹಡಗು, ಒಂದೇ ದಾರಿ, ಮುಳುಗಿದರೆ ಎಲ್ಲರೂ ಒಟ್ಟಿಗೆ. ಆದರೂ ಇಷ್ಟೊಂದು ಬಗೆಯೇ?

ಮಾಲತೇಶ್ ಬಾರಿನಲ್ಲಿದ್ದ. ಕಪ್ಪು ಕೋಟು, ಕೊರಳಿಗೆ ಚಿಟ್ಟೆಯಂಥ ಗಂಟು. ಅವರನ್ನು ಕಂಡದ್ದೇ ಅವನ ಮುಖ ಅರಳಿತು.

"ಬರ್ರಿ ಮಾವ, ಬರ್ರಿ ಅಮ್ಮಾ, ಕುಂದರ್ರಿ. ಹೆಂಗೈತ್ರಿ ನಮ್ಮ ಹಡಗು?"

ಚೌಡಪ್ಪ ಆಗಲೇ ವಿಸ್ಕಿ ಕೇಳಿದ್ದ. ಹುಡುಗ ಕೆಳಗಿನ ಸಾಲಿನಿಂದ ಬಾಟಲಿ ತೆಗೆದು ಸುರಿದ. ಪಕ್ಕದಲ್ಲಿದ್ದವನು ಚಿನ್ನದ ಕಾರ್ಡು ಮುಂದೆ ಚಾಚಿದಾಗ ಕೈ ಮೇಲಿನ ಸಾಲಿಗೆ ಹೋಯಿತು.

"ನಂಗೂ ಮೇಲಿಂದು ಹಾಕು ಅಳಿಯ."

"ನಿಮ್ಮ ಕಾರ್ಡಿಗೆ ಕೆಳಗಿಂದಷ್ಟ ಬರ್ತೈತ್ರಿ ಮಾವ."

"ಎರಡರದ್ದೂ ಬಣ್ಣ ಒಂದೇ ಅಲ್ಲನಾ?"

"ಬಣ್ಣ ಒಂದೇ. ಮುಂಜಾನೆ ತಲೆಗೆ ಗೊತ್ತಾಗ್ತೈತ್ರಿ ಯಾವುದು ಅಂತ." ಹುಡುಗ ದನಿ ತಗ್ಗಿಸಿದ. "ಹಡಗಿಂದ ಹಡಗಿಗೂ ಬ್ಯಾರೇನ. ಹ್ವಾದ ವರ್ಷ ನಾ ಇದ್ದದ್ರಾಗ ಊಟಕ್ಕ ವೈನ್ ಪುಕ್ಕಟೆ, ಕಾಫಿಗೆ ರೊಕ್ಕ. ಇಲ್ಲಿ ಕಾಫಿ ಪುಕ್ಕಟೆ, ವೈನಿಗೆ ರೊಕ್ಕ. ಹೊರಗ ಎರಡೂ ಪ್ರೀಮಿಯಂ ಅಂತನ ಬರಕೊಂಡಾವು."

"ಅದೆಲ್ಲ ಇರ್ಲಿ ಮಾರಾಯ," ಎಂದಳು ಗುತ್ಯಮ್ಮ. "ನಿನ್ನ ಮನೆ ಯಾವ ಅಂತಸ್ತಿನಾಗೆ? ಜಗಲಿ ಇರೋದಾ, ಗಾಜು ಇರೋದಾ? ನಮಗೆ ಕೊಟ್ಟಂಥದ್ದಾದ್ರೆ ಹುಡುಗಿ ಉಸಿರುಗಟ್ಟಿ ಸಾಯ್ತದೆ, ಈಗಲೇ ಹೇಳ್ತೀನಿ."

ಲೋಟ ಒರೆಸುತ್ತಿದ್ದ ಹುಡುಗನ ಕೈ ನಿಂತಿತು. "ಯಾವ ಹುಡುಗಿ ರೀ?"

"ಯಾವ ಹುಡುಗಿ ಅಂದ್ರೆ? ನಮ್ಮ ಮಧುಶ್ರೀ!"

"ಮಧುಶ್ರೀ... ಇಲ್ಲಿಗ್ರೀ?"

ಅವನೂ ಬೆಚ್ಚಿದ್ದ. ಸುತ್ತ ನೋಡಿ, ಜೇಬಿನಿಂದ ಫೋನು ತೆಗೆದು ಕೌಂಟರಿನ ಕೆಳಗೆ ಹಿಡಿದು ಒಂದು ಚಿತ್ರ ತೋರಿಸಿದ. ಬೀರುವಿನಷ್ಟು ಜಾಗ. ಒಂದರ ಮೇಲೊಂದು ಎರಡು ಹಲಗೆ ಹಾಸಿಗೆ, ಪ್ರತಿಯೊಂದಕ್ಕೂ ಒಂದು ನೀಲಿ ಪರದೆ. ಕೆಳಗಿನದರಿಂದ ಯಾರದೋ ಪಾದಗಳು ಹೊರಬಂದಿದ್ದವು.

"ಮ್ಯಾಲಿಂದು ನಂದು. ಕೆಳಗಿಂದು ಫಿಲಿಪೈನ್ಸ್ ಹುಡುಗಂದು. ನಿಮ್ಮನ್ನ ಕರಕೊಂಡು ಹೋಗಾಕ ಪರವಾನಗಿ ಇಲ್ರೀ, ಅಲ್ಲಿ ಕೆಲಸದವರಷ್ಟ. ನಿಮ್ಮ ರೂಮಿಗಿಂತ ಇನ್ನೂ ಕೆಳಗೈತಿ. ಸಮುದ್ರದ ನೀರಿನ ಮಟ್ಟಕ್ಕಿಂತ ಕೆಳಗ."

"ನೀರಿನ ಕೆಳಗಾ?" ಚೌಡಪ್ಪನ ಲೋಟ ವಾಲಿತು.

"ಮತ್ತೆ ಹೆಂಡ್ತಿ?" ಎಂದಳು ಗುತ್ಯಮ್ಮ.

"ಊರಾಗ ಇರ್ತಾಳ್ರೀ. ನಮ್ಮವ್ವನ ಜೊತಿ, ಇಲ್ಲಾಂದ್ರ ಆನವಟ್ಟಿಯಾಗ, ಅಕಿ ಅಂಗಡಿ ಹತ್ರ. ನಾ ಎಂಟು ತಿಂಗಳು ಇಲ್ಲಿ, ಎರಡು ತಿಂಗಳು ರಜಾ."

ಎಂಟು ತಿಂಗಳು. ಗುತ್ಯಮ್ಮನಿಗೆ ಕಾಲ ಕೆಳಗಿನ ಹಡಗು ಒಮ್ಮೆಲೇ ತಳವಿಲ್ಲದ್ದಾಯಿತು. ಕುರಿಯಿಲ್ಲದ ಕುರಿಯವನೊಬ್ಬ ಚಿಟ್ಟೆ ಗಂಟು ಕಟ್ಟಿಕೊಂಡು ಎದುರಿಗೆ ನಿಂತಿದ್ದ.

"ಯಾಕೋ ಮೊದಲೇ ಹೇಳಲಿಲ್ಲ? ಕಳ್ಳಾ!"

"ಅಕಿಗೆ ಎಲ್ಲ ಹೇಳೇನ್ರೀ ಅಮ್ಮಾ, ದೇವರಾಣೆ. ನಿಮಗೂ ಗೊತ್ತೈತಿ ಅಂದ್ಕೊಂಡಿದ್ನಿ."

ಸುಳ್ಳು. ಹುಡುಗಿಗೆ ಗೊತ್ತಿದ್ದರೆ ತನಗೆ ಹೇಳದಿರುತ್ತಾಳೆಯೇ? ಆ ರಾತ್ರಿ ಗುತ್ಯಮ್ಮ ಊಟ ಮಾಡಲಿಲ್ಲ. ಅವಳ ಪಾಲಿಗೆ ಮದುವೆ ಮುರಿದಿತ್ತು. ಉಳಿದದ್ದು ಹುಡುಗನ ಸುಳ್ಳನ್ನು ಅವನ ಎದುರಿಗೇ ಬಯಲು ಮಾಡುವುದು.

ಮರುದಿನ ಹಡಗು ಗೋವಾದಲ್ಲಿ ನಿಂತಾಗ ಫೋನಿಗೆ ಜೀವ ಬಂತು. ತೆರೆದ ಡೆಕ್ಕಿನಲ್ಲಿ ನಿಂತು ಮಧುಶ್ರೀಗೆ ಫೋನ್ ಹಚ್ಚಿದಳು. ಆನವಟ್ಟಿಯಲ್ಲಿ ಪಹಣಿ, ಆಧಾರ್ ತೆಗೆದುಕೊಡುವ ಅಂಗಡಿ ಹುಡುಗಿಯದ್ದು. ಪ್ರಿಂಟರಿನ ಕಿರುಗುಟ್ಟುವಿಕೆ ಇಲ್ಲಿಯವರೆಗೂ ಕೇಳುತ್ತಿತ್ತು.

"ಒಂದ್ ನಿಮಿಷ ಅತ್ತೆ. ಯಜಮಾನ್ರೇ, ಹೆಬ್ಬೆಟ್ಟು ಒರೆಸ್ಕೊಂಡು ಒತ್ತಿ, ಮಿಷನ್ನಿಗೆ ಸುಣ್ಣ ಹಚ್ಚಬ್ಯಾಡಿ. ಹಾಂ, ಹೇಳು ಅತ್ತೆ. ಹೆಂಗೈತೆ ಹಡಗು?"

"ಹಡಗು ಹಾಳಾಗೋಗ್ಲಿ. ಮೋಸ ಆಗೈತೆ ಕಣೇ. ಆ ಹುಡುಗ ಎಂಟು ತಿಂಗಳು ನೀರಿನ ಕೆಳಗೆ ಹಲಗೆ ಮೇಲೆ ಮಲಗ್ತಾನೆ. ನಿನ್ನ ಕರ್ಕೊಂಡು ಬರಂಗಿಲ್ಲ."

"ಗೊತ್ತು."

"ಗೊತ್ತಾ?"

"ಮೊದಲನೇ ಸಲ ಮಾತಾಡ್ದಾಗಲೇ ಹೇಳಿದ್ರು."

"ಗೊತ್ತಿದ್ದೂ ಒಪ್ಪಿದ್ಯಾ?"

"ಗೊತ್ತಿದ್ದಕ್ಕೇ ಒಪ್ಪಿದ್ದು ಅತ್ತೆ."

ಸಮುದ್ರದ ಗಾಳಿಗೆ ಸೆರಗು ಹಾರಿ ಗುತ್ಯಮ್ಮನ ಮುಖಕ್ಕೆ ಬಡಿಯಿತು. ಅವಳು ತೆಗೆಯಲಿಲ್ಲ.

"ನನ್ನ ನೋಡೋಕೆ ಬಂದವರೆಲ್ಲ ಅಂಗಡಿ ಮುಚ್ಚು ಅಂದ್ರು. ಇವರೊಬ್ರು ಅನ್ನಲಿಲ್ಲ," ಎಂದಳು ಹುಡುಗಿ. "ನಿಂಗೆ ಹೇಳಿದ್ರೆ ಬ್ಯಾಡ ಅಂತಿದ್ದೆ. ಹಡಗು ನೋಡಿ ಬರ್ತೀನಿ ಅಂದಾಗ ಕಣ್ಣಾರೆ ನೋಡ್ಲಿ ಅಂತ ಸುಮ್ನಿದ್ದೆ."

"ಮಗಾ, ನಂಗಾದ ಗತಿ ನಿಂಗೆ..."

"ಎಂಥ ಗತಿ ಅತ್ತೆ?"

ಹುಡುಗಿಯ ದನಿಯಲ್ಲಿ ಜಗಳ ಇರಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

"ಮಾವ ಕುರಿ ಹೊಡ್ಕೊಂಡು ಹೋದ ದಿನ ನೀನು ಏನು ಮಾಡ್ತಿದ್ದೆ ಹೇಳ್ಲಾ? ಮಂಚನ ಎಳ್ಕೊಂಡು ಜಗಲಿಗೆ ತರ್ತಿದ್ದೆ. ಕೇರಿ ಹೆಂಗಸರನ್ನೆಲ್ಲ ಕೂಗಿ ಮಂಡಕ್ಕಿ ಕಲಸ್ತಿದ್ದೆ. ಹಾಡು ಹೇಳ್ತಿದ್ದೆ. ಮಾವ ಬರ್ತಾರೆ ಅಂತ ಸುದ್ದಿ ಬಂದ ದಿನ ಮಂಚ ಒಳಗೆ ಹೋಗ್ತಿತ್ತು. ನಿನ್ನ ದನಿನೂ ಒಳಗೆ ಹೋಗ್ತಿತ್ತು. ನಾನು ಸಣ್ಣೋಳಿದ್ದೆ, ಕುರುಡಿ ಆಗಿರಲಿಲ್ಲ."

"ನಿಮ್ಮಾವ ಕೆಟ್ಟೋನಲ್ಲ ಕಣೇ," ಎಂದಳು ಗುತ್ಯಮ್ಮ. ಅದು ತನ್ನದೇ ದನಿಯೇ ಎಂದು ಅವಳಿಗೆ ಅನುಮಾನವಾಯಿತು.

"ಕೆಟ್ಟೋರು ಅಂತ ನಾ ಎಲ್ಲಿ ಹೇಳ್ದೆ? ಇಡ್ತೀನಿ ಅತ್ತೆ, ಜನ ನಿಂತಾರೆ."

ಗುತ್ಯಮ್ಮ ಕಂಬಿ ಹಿಡಿದು ನಿಂತಳು. ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದ ದುಃಖ ಅದು. ಕೇಳಿದವರು ಕಣ್ಣೊರೆಸಿಕೊಂಡಿದ್ದರು. ಅವಳೂ ಒರೆಸಿಕೊಂಡಿದ್ದಳು, ಸುಳ್ಳೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಈಗ ತಡಕಾಡಿದರೆ ಕೈಗೆ ಸಿಗುತ್ತಿದ್ದುದು ಬೇರೆಯದೇ. ಜಗಲಿಯ ಮಂಚ, ಮಂಡಕ್ಕಿಗೆ ಹಿಂಡಿದ ಲಿಂಬೆಯ ವಾಸನೆ, ಯಾರಿಗೂ ಎದ್ದು ಬಿಸಿನೀರು ಕಾಯಿಸಬೇಕಿಲ್ಲದ ಬೆಳಗು. ಎಳೆಯ ಕೂಸೊಂದು ಬಾಗಿಲ ಮರೆಯಲ್ಲಿ ಕೂತು ಇದನ್ನೆಲ್ಲ ನೋಡಿತ್ತು, ಅವಳು ಸ್ವತಃ ಕಾಣದೆ ಹೋದದ್ದನ್ನು.

ಚೌಡಪ್ಪ ಚೀಲ ಹೆಗಲಿಗೇರಿಸಿಕೊಂಡೇ ಬಂದ. "ನಡಿ ಅಕ್ಕ, ಇಲ್ಲೇ ಇಳಿದು ಬಸ್ ಹಿಡಿಯಾಣ. ಇಂಥ ಮನೆಗೆ ಮಗಳನ್ನ ಕೊಡೋಕೆ ನಂಗೇನು ತಲೆ ಕೆಟ್ಟಿಲ್ಲ."

ಅವನ ಹಿಂದೆ ಮಾಲತೇಶ್ ನಿಂತಿದ್ದ. ಕೆಲಸದ ನಡುವೆ ಓಡಿ ಬಂದಿದ್ದರಿಂದ ಏದುಸಿರು, ಚಿಟ್ಟೆ ಗಂಟು ಒಂದು ಪಕ್ಕಕ್ಕೆ ವಾಲಿತ್ತು.

"ಚೀಲ ಇಳಿಸು ಚೌಡಾ," ಎಂದಳು ಗುತ್ಯಮ್ಮ. "ಹೂ ಮುಡಿಸೋಕೆ ದಿನ ನೋಡು."

"ಆಂ?"

ಗುತ್ಯಮ್ಮ ಹುಡುಗನ ಕಡೆ ತಿರುಗಿದಳು. "ರಜೆ ಎಷ್ಟು ಅಂದೆ?"

"ಎರಡು ತಿಂಗಳ್ರೀ ಅಮ್ಮಾ." ಅವನ ಕಣ್ಣಲ್ಲಿ ಆಸೆ ಮಿನುಗಿತು. ಅವಸರದಿಂದ ಸೇರಿಸಿದ, "ಮದುವಿ ಆದ್ರ ನಾ ಮ್ಯಾನೇಜರ್‌ನ ಕೇಳ್ತೀನ್ರೀ. ಇನ್ನೊಂದು ತಿಂಗಳು ಕೊಟ್ರೂ ಕೊಡ್ತಾರ."

"ಕೇಳಬ್ಯಾಡ," ಎಂದಳು ಗುತ್ಯಮ್ಮ.